ಆಕಾಶದ ವೆಸ್ಟಾ, ಅಂಗೈಯ ವೆಸ್ಟಾ

ಕೇಳುಗರೇ, ನಮಸ್ಕಾರ.

ಒಂದು ಕಲ್ಲಿನಿಂದ ಮಾತು ಶುರು ಮಾಡುತ್ತೇನೆ. ಹೊರಗೆ ಅರಗು ಬಳಿದ ಹಾಗೆ ಕಪ್ಪಗೆ ಹೊಳೆಯುವ ಸಿಪ್ಪೆ. ಮುರಿದ ಕಡೆ ನೋಡಿದರೆ ಒಳಗೆಲ್ಲ ಬೂದು ಬಣ್ಣ, ನಡುನಡುವೆ ಬೆಳ್ಳನೆಯ ಕಾಳುಗಳು. ಭೂಮಿಯ ಲಾವಾ ಆರಿ ಗಟ್ಟಿಯಾದರೂ ಹೆಚ್ಚುಕಡಿಮೆ ಇಂಥದ್ದೇ ಕಲ್ಲಾಗುತ್ತದೆ. ಆದರೆ ಇದು ಆಕಾಶದಿಂದ ಬಿದ್ದದ್ದು. ಹೆಸರು ಯೂಕ್ರೈಟ್. ಇಂಥ ಕಲ್ಲುಗಳ ತವರು ವೆಸ್ಟಾ ಎಂಬ ಕ್ಷುದ್ರಗ್ರಹ.

ಮಂಗಳಕ್ಕೂ ಗುರುವಿಗೂ ನಡುವೆ ಕ್ಷುದ್ರಗ್ರಹಗಳ ಪಟ್ಟಿ ಇದೆಯಲ್ಲ, ವೆಸ್ಟಾ ಅಲ್ಲೇ ಸುತ್ತುತ್ತದೆ. 1807ರ ಮಾರ್ಚ್ 29ರಂದು ಜರ್ಮನಿಯ ಬ್ರೆಮೆನ್‌ನಲ್ಲಿ ಹೈನ್ರಿಕ್ ಓಲ್ಬರ್ಸ್ ಇದನ್ನು ಕಂಡರು. ಅವರು ವೃತ್ತಿಯಿಂದ ವೈದ್ಯರು! ಸೂರ್ಯನಿಗೂ ಭೂಮಿಗೂ ಇರುವ ದೂರವನ್ನು ಒಂದು ಅಳತೆ ಎಂದುಕೊಳ್ಳಿ. ವೆಸ್ಟಾ ಸರಾಸರಿ 2.36 ಅಳತೆ ದೂರದಲ್ಲಿದೆ. ಸೂರ್ಯನನ್ನು ಒಂದು ಸುತ್ತು ಬರಲು ಅದಕ್ಕೆ 3 ವರ್ಷ ಏಳೂವರೆ ತಿಂಗಳು ಬೇಕು. ತನ್ನ ಸುತ್ತ ತಿರುಗುವುದು ಮಾತ್ರ ಬಲು ಬೇಗ, 5 ಗಂಟೆ 20 ನಿಮಿಷ. ಬೆಳಗಾಗಿ ಎರಡೂವರೆ ಗಂಟೆ ಕಳೆದರೆ ಸಂಜೆ ಹತ್ತಿರ ಬಂತು ಅಂತಲೇ ಲೆಕ್ಕ.

ಇದರ ಸರಾಸರಿ ಅಡ್ಡಳತೆ 525 ಕಿಲೋಮೀಟರ್. ಸೆಳೆತ ಭೂಮಿಯದರ ನಲವತ್ತರಲ್ಲಿ ಒಂದು ಪಾಲು. ಅಲ್ಲಿ ಸೊಂಟದೆತ್ತರದಿಂದ ಕಲ್ಲು ಕೈಬಿಟ್ಟರೆ ಏನಾಗುತ್ತದೆ? ಒಂದು... ಎರಡು... ಮೂರು... ಈಗ ನೆಲ ಮುಟ್ಟಿತು.

ಇಷ್ಟು ಪುಟ್ಟದಾದರೂ ವೆಸ್ಟಾ ಒಂದು ಕಾಲದಲ್ಲಿ ಒಳಗಿಂದಲೇ ಕರಗಿತ್ತು. ಹುಟ್ಟಿದ ಹೊಸದರಲ್ಲಿ ವಿಕಿರಣಶೀಲ ಅಲ್ಯೂಮಿನಿಯಂ ಅದನ್ನು ಕಾಯಿಸಿತು. ಕಬ್ಬಿಣ ತಳಕ್ಕೆ ಇಳಿದು ತಿರುಳಾಯಿತು, ಮೇಲೆ ಲಾವಾ ಹರಡಿ ತೊಗಟೆಯಾಯಿತು. ಗ್ರಹಗಳು ಹೇಗೆ ರೂಪುಗೊಂಡವು ಅನ್ನುವುದಕ್ಕೆ ಇಷ್ಟು ಚೆನ್ನಾಗಿ ಉಳಿದುಕೊಂಡ ಸಾಕ್ಷಿ ಬಲು ಅಪರೂಪ.

2011ರ ಜುಲೈನಿಂದ 2012ರ ಸೆಪ್ಟೆಂಬರ್‌ವರೆಗೆ ನಾಸಾದ ಡಾನ್ ನೌಕೆ ಅದನ್ನು ಸುತ್ತಿತು. ದಕ್ಷಿಣ ತುದಿಯಲ್ಲಿರುವ ರಿಯಾಸಿಲ್ವಿಯಾ ಕುಳಿಯನ್ನು ಹತ್ತಿರದಿಂದ ತೋರಿಸಿತು. ಕುಳಿಯ ಅಗಲ ಸುಮಾರು 500 ಕಿಲೋಮೀಟರ್. ಅಂದರೆ ಹೆಚ್ಚುಕಡಿಮೆ ವೆಸ್ಟಾದಷ್ಟೇ ಅಗಲ! ನಡುವೆ ಎದ್ದಿರುವ ಬೆಟ್ಟ ಎವರೆಸ್ಟ್‌ನ ಎರಡು ಪಟ್ಟಿಗಿಂತ ಜಾಸ್ತಿ ಎತ್ತರ. ಅಂಥ ಪೆಟ್ಟು ತಿಂದೂ ವೆಸ್ಟಾ ಒಡೆಯಲಿಲ್ಲ, ಚೂರುಗಳು ಮಾತ್ರ ಸಿಡಿದುಹೋದವು.

ಆ ಚೂರುಗಳ ಪ್ರಯಾಣ ನನಗೆ ಎಷ್ಟು ಸಲ ಹೇಳಿದರೂ ಸಾಲದು. ಸೂರ್ಯನಿಂದ 2.5 ಅಳತೆ ದೂರದಲ್ಲಿ ಒಂದು ಜಾಗವಿದೆ. ಕೆಲವು ಚೂರುಗಳು ಅಲ್ಲಿಗೆ ಸೇರಿಕೊಳ್ಳುತ್ತವೆ. ಅಲ್ಲಿರುವ ಕಲ್ಲು ಮೂರು ಸುತ್ತು ಹಾಕುವಷ್ಟರಲ್ಲಿ ಗುರು ಒಂದು ಸುತ್ತು ಮುಗಿಸಿರುತ್ತದೆ. ಹೀಗೆ ಲೆಕ್ಕ ಕೂಡಿಬಂದಾಗ ಗುರುವಿನ ಸೆಳೆತ ತಾಳ ತಪ್ಪದೆ ಮತ್ತೆ ಮತ್ತೆ ಬೀಳುತ್ತದೆ. ಕಲ್ಲಿನ ದಾರಿ ಉದ್ದುದ್ದ ಎಳೆದುಕೊಳ್ಳುತ್ತದೆ. ಕೊನೆಗೊಂದು ದಿನ ಆ ದಾರಿಗೆ ಭೂಮಿಯೇ ಅಡ್ಡ ಬರುತ್ತದೆ. ಬೀಳುವುದನ್ನು ಜನ ಕಂಡು ಹೆಕ್ಕಿದ ಉಲ್ಕಾಶಿಲೆಗಳಲ್ಲಿ ನೂರಕ್ಕೆ ಐದಾರು ವೆಸ್ಟಾ ಕಡೆಯವು. 1970ರಲ್ಲಿ ವೆಸ್ಟಾದ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ನೋಡಿದಾಗ ಅದು ಯೂಕ್ರೈಟ್ ಕಲ್ಲಿನಿಂದ ಹಿಮ್ಮರಳುವ ಬೆಳಕಿಗೆ ತಾಳೆಯಾಯಿತು.

ಸುಮಾರು 17 ತಿಂಗಳಿಗೊಮ್ಮೆ ವೆಸ್ಟಾ ನಮ್ಮ ಆಕಾಶದಲ್ಲಿ ಸೂರ್ಯ ಇರುವ ಕಡೆಗೆ ನೇರ ಎದುರು ದಿಕ್ಕಿನಲ್ಲಿ ಬರುತ್ತದೆ. ಒಳ್ಳೆಯ ವರ್ಷವಾದರೆ, ಕಗ್ಗತ್ತಲಿನಲ್ಲಿ ಬರಿಗಣ್ಣಿಗೇ ಕಾಣಬಹುದು. ಬೈನಾಕ್ಯುಲರ್ ಇದ್ದರೆ ಇನ್ನೂ ಸುಲಭ. ಆಕಾಶದ ನಕ್ಷೆ ಹೇಳಿದ ಕಡೆ ಕಾಣುವ ಚುಕ್ಕೆಗಳನ್ನೆಲ್ಲ ಕಾಗದದ ಮೇಲೆ ಗುರುತು ಹಾಕಿಕೊಳ್ಳಿ. ಎರಡು ದಿನ ಬಿಟ್ಟು ಮತ್ತೆ ನೋಡಿ. ಜಾಗ ಬದಲಿಸಿದ ಚುಕ್ಕೆ ಯಾವುದೋ, ಅದೇ ವೆಸ್ಟಾ.

ನಮಸ್ಕಾರ.