ಸ್ಯಾಕ್ಸೋಫೋನ್ ಮೆಲ್ಲಗೂ ನುಡಿಯುತ್ತದೆ

ಕೇಳುಗರೆಲ್ಲರಿಗೂ ನಮಸ್ಕಾರ. ನಮ್ಮ ಕೊಡಗಿನಲ್ಲಿ ಸ್ಯಾಕ್ಸೋಫೋನ್ ಎಂದರೆ ಮದುವೆ ದಿಬ್ಬಣದ ಬ್ಯಾಂಡ್‌ಸೆಟ್ಟು ಕಣ್ಣಿಗೆ ಬರುತ್ತದೆ. ಕಿವಿಗಡಚಿಕ್ಕುವ ವಾದ್ಯ ಎಂದೇ ನಂಬಿದ್ದೇವೆ. ಅದು ಮೆಲ್ಲಗೂ ನುಡಿಯುತ್ತದೆ, ಪಿಟೀಲಿನ ಪಕ್ಕ ಕೂತು ಪಿಟೀಲಿನಷ್ಟೇ ಮೆಲ್ಲಗೆ. ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೇ.

ಮೈ ಹಿತ್ತಾಳೆಯದಾದರೂ ನಾದ ಹುಟ್ಟುವುದು ಬಾಯಿಯ ಬಳಿಯ ಒಂದು ತೆಳು ಜೊಂಡಿನ ಪಟ್ಟಿಯಲ್ಲಿ. ಅದೇ ರೀಡು. ಹಾಗಾಗಿ ಇದು ಕ್ಲಾರಿನೆಟ್ಟಿನ ಬಳಗ, ತುತ್ತೂರಿಯದ್ದಲ್ಲ. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪ್ಯಾರಿಸ್ಸಿನಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಸೊಪ್ರಾನೊ, ಆಲ್ಟೊ, ಟೆನರ್, ಬ್ಯಾರಿಟೋನ್ ಎಂದು ಇದರ ನಾಲ್ಕು ಮುಖ್ಯ ಗಾತ್ರಗಳು, ನಾಲ್ಕಕ್ಕೂ ಬೆರಳು ಹಿಡಿಯುವ ಕ್ರಮ ಒಂದೇ. ಒಂದನ್ನು ಕಲಿತವರಿಗೆ ನಾಲ್ಕೂ ದಕ್ಕುತ್ತವೆ.

ಈಗ ನನಗೆ ತುಂಬ ಇಷ್ಟವಾದ ಸಂಗತಿ. ಪ್ಯಾರಿಸ್ಸಿನ ಸಂಗೀತ ಕಾಲೇಜಿನಲ್ಲಿ 1857ರಲ್ಲಿ ಸ್ವತಃ ಸ್ಯಾಕ್ಸ್ ಪಾಠ ಶುರು ಮಾಡಿದರು. 1870ರಲ್ಲಿ ಆ ತರಗತಿ ಮುಚ್ಚಿತು. ಮತ್ತೆ ತೆರೆದದ್ದು 1942ರಲ್ಲಿ! ಆ 72 ವರ್ಷ ಈ ವಾದ್ಯ ಹೆಚ್ಚಾಗಿ ಮಿಲಿಟರಿ ಬ್ಯಾಂಡಿನಲ್ಲಿ, ಆಮೇಲೆ ಜಾಝ್‌ನಲ್ಲಿ ಬೆಳೆಯಿತು. ಜೋರು ವಾದ್ಯ ಎಂಬ ಹೆಸರು ಅಂಟಿದ್ದು ಹೀಗೆ. ಅಂಥದ್ದೇ ಒಂದು ಮಿಲಿಟರಿ ಬ್ಯಾಂಡಿನಲ್ಲಿದ್ದ ಮಾರ್ಸೆಲ್ ಮ್ಯೂಲ್ 1928ರಲ್ಲಿ ಮೂವರನ್ನು ಸೇರಿಸಿಕೊಂಡು ನಾಲ್ವರ ಸ್ಯಾಕ್ಸೋಫೋನ್ ತಂಡ ಕಟ್ಟಿದರು. ಛೇಂಬರ್ ಮ್ಯೂಸಿಕ್ ಎಂದರೆ ಇದೇ: ಕೆಲವೇ ಜನ, ಒಂದು ಕೋಣೆ, ಮುಂದೆ ನಿಂತು ಕೋಲು ಆಡಿಸುವವರಿಲ್ಲ. ಆಗ ಪ್ಯಾರಿಸ್ಸಿನಲ್ಲಿದ್ದ ರಷ್ಯಾದ ಹಿರಿಯ ಸಂಯೋಜಕ ಗ್ಲಾಜುನೋವ್ 1932ರಲ್ಲಿ ಈ ನಾಲ್ವರಿಗಾಗಿಯೇ ಒಂದು ಕೃತಿ ಬರೆದರು. ಅದರ ನಡುವಿನ ಭಾಗವನ್ನು ಕೇಳಿ. ನಾಲ್ಕೂ ವಾದ್ಯಗಳು ಪ್ರಾರ್ಥನೆಯ ಹಾಗೆ ಒಟ್ಟಿಗೆ ಉಸಿರಾಡುತ್ತವೆ. ಆಮೇಲೆ ಅದೇ ರಾಗವನ್ನು ಒಮ್ಮೆ ಶೂಮನ್ ಶೈಲಿಯಲ್ಲಿ, ಒಮ್ಮೆ ಶೋಪೆನ್ ಶೈಲಿಯಲ್ಲಿ ಹೊರಳಿಸುತ್ತವೆ. ಎರಡೂ ಪಿಯಾನೊದವರ ಧಾಟಿ! ಇದಕ್ಕೂ ಮುಂಚೆ, 1930ರಲ್ಲಿ, ಆಸ್ಟ್ರಿಯಾದ ಸಂಯೋಜಕ ವೆಬರ್ನ್ ಟೆನರ್ ಸ್ಯಾಕ್ಸೋಫೋನನ್ನು ಪಿಟೀಲು, ಕ್ಲಾರಿನೆಟ್, ಪಿಯಾನೊ ಜೊತೆ ಕೂರಿಸಿದ್ದರು.

ಅಷ್ಟು ದೂರ ಏಕೆ, ಘಟ್ಟದ ಕೆಳಗೆ ಇಳಿದರೆ ಕದ್ರಿ ಗೋಪಾಲನಾಥರ ಊರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕೇಳಿದ ವಾದ್ಯದಲ್ಲೇ ಅವರು ಕರ್ನಾಟಕ ಸಂಗೀತದ ಗಮಕ, ಅಂದರೆ ಸ್ವರದ ಬಳುಕು, ಹೊರಡಿಸಿದರು, ಎ. ಕನ್ಯಾಕುಮಾರಿಯವರ ಪಿಟೀಲಿನ ಜೊತೆ ನುಡಿಸಿದರು. ಮೆಲ್ಲಗೂ ನುಡಿಯುತ್ತದೆ ಎನ್ನಲು ಇನ್ನೇನು ಸಾಕ್ಷಿ ಬೇಕು?

ಸಮಯ ಓಡುತ್ತಿದೆ, ಕಲಿಯುತ್ತಿರುವ ಮಕ್ಕಳಿಗೆ ಬೇಗ ಹೇಳಿಬಿಡುತ್ತೇನೆ. ಎರಡು ಅಥವಾ ಎರಡೂವರೆ ನಂಬರಿನ ರೀಡು ತೆಗೆದುಕೊಳ್ಳಿ, ನಂಬರು ಎಂದರೆ ರೀಡಿನ ಗಡಸು. ಮೌತ್‌ಪೀಸಿನ ತುದಿ ಕೂದಲೆಳೆಯಷ್ಟು ಮಾತ್ರ ರೀಡಿನಾಚೆ ಕಾಣಬೇಕು. ಮೇಲಿನ ಹಲ್ಲು ಮೌತ್‌ಪೀಸಿನ ಮೇಲೆ, ಕೆಳತುಟಿ ಕೆಳಹಲ್ಲಿನ ಮೇಲೆ ಮೆತ್ತೆಯಾಗಿ. ಕಚ್ಚಬೇಡಿ, ಕಚ್ಚಿದರೆ ಕೀರಲು ದನಿ ಬರುತ್ತದೆ. ದಿನಾ ಹತ್ತು ನಿಮಿಷ ಒಂದೊಂದೇ ಸ್ವರವನ್ನು ಆದಷ್ಟು ಮೆಲ್ಲಗೆ, ಎಂಟು ಎಣಿಸುವವರೆಗೆ ಹಿಡಿಯಿರಿ. ಮೆಲ್ಲಗೆ ಎಂದರೆ ಉಸಿರು ಸಡಿಲ ಬಿಡುವುದಲ್ಲ. ಹೊಟ್ಟೆಯ ಒತ್ತಡ ಕಡಿಮೆಯಾದರೆ ಸ್ವರ ನಡುಗುತ್ತದೆ. ಆಲ್ಟೊದಲ್ಲಿ ಸಿ ಸ್ವರದ ಬೆರಳು ಹಿಡಿದರೆ ಕೇಳುವುದು ಹಾರ್ಮೋನಿಯಂನ ಕಪ್ಪು ಎರಡು, ಹಾಡುವವರ ಜೊತೆ ಕೂರುವ ಮುಂಚೆ ಇದು ತಿಳಿದಿರಲಿ. ಚಳಿಗೆ ಶ್ರುತಿ ಇಳಿಯುತ್ತದೆ. ಮೊದಲು ಐದು ನಿಮಿಷ ಊದಿ ಬೆಚ್ಚಗೆ ಮಾಡಿ, ಆಮೇಲೆ ಮೌತ್‌ಪೀಸನ್ನು ಒಳಗೆ ತಳ್ಳಿ ಏರಿಸಿ, ಹೊರಗೆ ಎಳೆದು ಇಳಿಸಿ.

ನಮ್ಮ ಮಳೆಗಾಲದಲ್ಲಿ ಜಿ ಶಾರ್ಪ್ ಸ್ವರದ ಪ್ಯಾಡು, ಅಂದರೆ ತೂತು ಮುಚ್ಚುವ ಚರ್ಮದ ಮೆತ್ತೆ, ಅಂಟಿಕೊಂಡು ಆ ಸ್ವರವೇ ಹೊರಡುವುದಿಲ್ಲ. ಪ್ಯಾಡಿನ ಕೆಳಗೆ ತೆಳು ಕಾಗದ ಇಟ್ಟು ಮೆಲ್ಲಗೆ ಒತ್ತಿ, ತೇವ ಹೀರಲಿ. ಒತ್ತಿ ಹಿಡಿದುಕೊಂಡೇ ಕಾಗದ ಎಳೆದರೆ ಪ್ಯಾಡಿನ ಚರ್ಮ ಹರಿಯುತ್ತದೆ, ಬಿಟ್ಟು ಎಳೆಯಿರಿ. ನುಡಿಸಿದ ಮೇಲೆ ಒಳಗೆ ಬಟ್ಟೆ ಎಳೆದು ಒರೆಸಿ. ರೀಡು ಬಿಚ್ಚಿ, ಒಣಗಿಸಿ, ಬೇರೆ ಡಬ್ಬಿಯಲ್ಲಿಡಿ. ಮೌತ್‌ಪೀಸಿನಲ್ಲೇ ಬಿಟ್ಟರೆ ಆಟಿ ತಿಂಗಳಲ್ಲಿ ಬೂಸ್ಟು ಹಿಡಿಯುತ್ತದೆ. ನಮಸ್ಕಾರ.