ಫೋನಿನಲ್ಲಿ ರೋಗಿಯನ್ನು ನೋಡುವ ಬಗೆ: ಮನೆಯಿಂದ ದುಡಿಯುವ ನರ್ಸ್‌ಗಳಿಗೆ

ಕೇಳುಗರಿಗೆ ನಮಸ್ಕಾರ.

ವಾರ್ಡಿನಲ್ಲಿ ಕೆಲವು ವರ್ಷ ದುಡಿದು, ಈಗ ಮನೆಯಲ್ಲೇ ಕೂತು ಫೋನು, ವಿಡಿಯೋ ಮೂಲಕ ರೋಗಿಗಳನ್ನು ವಿಚಾರಿಸುವ ಕೆಲಸ ಹಿಡಿದಿರುವ, ಹಿಡಿಯಬೇಕೆಂದಿರುವ ಕಲಬುರಗಿ, ಬೀದರ, ಯಾದಗಿರಿ ಕಡೆಯ ಸಿಸ್ಟರ್, ಬ್ರದರ್‌ಗಳಿಗೆ ಇವತ್ತಿನ ಮಾತು. ಆ ಕಡೆ ಫೋನು ಹಿಡಿಯುವ ಮನೆಮಂದಿ ಕೇಳಿಸಿಕೊಂಡರೂ ಉಪಯೋಗವೇ.

ಈ ಕೆಲಸದಲ್ಲಿ ನಿಮ್ಮ ಕೈ ರೋಗಿಯ ಮೈ ಮುಟ್ಟುವುದಿಲ್ಲ. ಬಿಪಿ ಪಟ್ಟಿ ಕಟ್ಟುವುದು, ಉಸಿರು ಎಣಿಸುವುದು, ಬಾವು ಒತ್ತಿ ನೋಡುವುದು ಎಲ್ಲವೂ ಇನ್ನೊಬ್ಬರ ಕೈಯಿಂದ ಆಗಬೇಕು. ಆ ಕೈ ಸೊಸೆಯದೋ, ಮಗನದೋ, ಆಶಾ ಕಾರ್ಯಕರ್ತೆಯದೋ ಆಗಿರುತ್ತದೆ. ಅವರು ಅಳೆದದ್ದು ತಪ್ಪಿದರೆ ನಿಮ್ಮ ನಿರ್ಧಾರವೂ ತಪ್ಪುತ್ತದೆ. ಆದ್ದರಿಂದ ಕಂಪ್ಯೂಟರ್ ಕಲಿಯುವುದಕ್ಕಿಂತ ಮುಂಚೆ ಕಲಿಯಬೇಕಾದದ್ದು ಹೇಗೆ ಕೇಳಬೇಕು, ಹೇಗೆ ಅಳೆಯಿಸಬೇಕು ಎಂಬುದನ್ನು.

ಮೊದಲು ಮಿತಿ ತಿಳಿದಿರಲಿ. 2020ರ ಮಾರ್ಚ್ 25ರಂದು ಕೇಂದ್ರ ಆರೋಗ್ಯ ಸಚಿವಾಲಯ ಹೊರಡಿಸಿದ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ ದೂರದಿಂದ ಔಷಧಿ ಬರೆಯುವ ಅಧಿಕಾರ ನೋಂದಾಯಿತ ವೈದ್ಯರದು. ವಿವರ ಕಲೆಹಾಕುವುದು, ಅಪಾಯ ಗುರುತಿಸುವುದು, ವೈದ್ಯರಿಗೆ ಒಪ್ಪಿಸುವುದು, ಅವರು ಹೇಳಿದ್ದನ್ನು ರೋಗಿಗೆ ತಿಳಿಯುವಂತೆ ಹೇಳುವುದು ನರ್ಸ್ ಕೆಲಸ. ರೋಗಿಯೇ ಕರೆ ಮಾಡಿದರೆ ಒಪ್ಪಿಗೆ ಇದೆ ಎಂದೇ ಲೆಕ್ಕ. ನೀವಾಗಿ ಕರೆ ಮಾಡಿದರೆ ಬಾಯಿಬಿಟ್ಟು ಒಪ್ಪಿಗೆ ಕೇಳಿ, ದಾಖಲಿಸಬೇಕು. ರಾಜ್ಯ ನರ್ಸಿಂಗ್ ಕೌನ್ಸಿಲ್ ನೋಂದಣಿಯ ಅವಧಿ ಮುಗಿಯದಂತೆ ನೋಡಿಕೊಳ್ಳಿ. ವಿದೇಶಿ ಆಸ್ಪತ್ರೆಯ ಕೆಲಸ ಎಂದು ಯಾರಾದರೂ ಕರೆದರೆ, ಅಮೆರಿಕದ ರೋಗಿಗೆ ಫೋನಿನಲ್ಲಿ ನರ್ಸಿಂಗ್ ಸಲಹೆ ಕೊಡಲು ಆ ರೋಗಿ ಇರುವ ರಾಜ್ಯದಲ್ಲಿ ನಡೆಯುವ ಲೈಸೆನ್ಸ್ ಬೇಕಾಗುತ್ತದೆ ಎಂಬುದು ನೆನಪಿರಲಿ. ಕೆಲಸ ಕೊಡಲು ಮುಂಗಡ ಹಣ ಕೇಳಿದರೆ ಅಲ್ಲಿಗೇ ಬಿಡಿ.

ಇನ್ನು ಕೋಣೆ. ನಮ್ಮ ಕಡೆಯ ಮನೆಗಳಲ್ಲಿ ಶಹಾಬಾದ್ ಕಲ್ಲಿನ ನೆಲ, ಬರಿಗೋಡೆ. ಮಾತು ಗುಂಯ್ ಎಂದು ತಿರುಗಿ ಬಂದು, ಕಿವಿ ಮಂದವಾದ ಹಿರಿಯರಿಗೆ ಅರ್ಧ ಕೇಳುವುದೇ ಇಲ್ಲ. ಕೂರುವ ಜಾಗದ ಎದುರು ಗೋಡೆಗೆ ಎರಡು ದಪ್ಪ ಕೌದಿ ತೂಗುಹಾಕಿ, ಕಾಲಡಿ ಜಮಖಾನೆ ಹಾಸಿದರೆ ಪ್ರತಿಧ್ವನಿ ಬಹಳ ಕಡಿಮೆಯಾಗುತ್ತದೆ. ಏಪ್ರಿಲ್, ಮೇನಲ್ಲಿ 42 ಡಿಗ್ರಿ ದಾಟುವ ಊರಿನಲ್ಲಿ ಕೂಲರ್ ಇಲ್ಲದೆ ಕೂರಲಾಗದು. ಆದರೆ ಅದರ ಗಾಳಿ ನೇರ ಮೈಕಿಗೆ ಬಡಿಯಬಾರದು. ಕೂಲರ್ ಬೆನ್ನ ಹಿಂದೆ, ಓರೆಯಾಗಿ ಇರಲಿ. ಹೆಡ್‌ಸೆಟ್ ಮೈಕು ಬಾಯಿಯ ಮುಂದೆ ಬೇಡ, ತುಟಿಯ ಬದಿಗೆ ಎರಡು ಬೆರಳು ದೂರದಲ್ಲಿರಲಿ.

ಕರೆಂಟು ಹೋದಾಗ ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ಓಡುತ್ತದೆ, ಆದರೆ ಕರೆ ಕಡಿದುಹೋಗುತ್ತದೆ, ಏಕೆಂದರೆ ರೂಟರ್ ಆರಿರುತ್ತದೆ. ರೂಟರ್‌ಗೆಂದೇ ಸಿಗುವ ಚಿಕ್ಕ ಯುಪಿಎಸ್ ತನ್ನಿ. ಅಡಾಪ್ಟರ್ ಮೇಲೆ 12 ವೋಲ್ಟ್ ಎಂದಿದೆಯೋ 9 ವೋಲ್ಟ್ ಎಂದಿದೆಯೋ ನೋಡಿ, ಅದೇ ವೋಲ್ಟಿನದು ಬೇಕು. ಫೈಬರ್ ಬಾಕ್ಸು, ವೈಫೈ ರೂಟರ್ ಬೇರೆ ಬೇರೆ ಇದ್ದರೆ ಎರಡಕ್ಕೂ ಕೊಡಬೇಕು. ಒಂದಕ್ಕೇ ಕೊಟ್ಟು ಎಡವುವವರೇ ಹೆಚ್ಚು. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದರ ಸ್ವಿಚ್ಚು ಯುಪಿಎಸ್ ಮೋಡ್‌ನಲ್ಲಿರಲಿ. ಇನ್ನೊಂದು ಮೋಡ್‌ನಲ್ಲಿ ಕರೆಂಟು ಬದಲಾಗುವ ಅರೆಕ್ಷಣದಲ್ಲೇ ರೂಟರ್ ಆರಿ ಹೊತ್ತಿ, ಮತ್ತೆ ಸಿಗ್ನಲ್ ಹಿಡಿಯಲು ನಿಮಿಷಗಳು ಬೇಕಾಗಬಹುದು. ಬೇರೆ ಕಂಪನಿಯ ಸಿಮ್ ಒಂದನ್ನು ಹಾಟ್‌ಸ್ಪಾಟ್‌ಗೆ ಸಿದ್ಧವಾಗಿಡಿ. ವಿಡಿಯೋ ತಡವರಿಸಿದರೆ ಹಟ ಹಿಡಿಯದೆ ತಕ್ಷಣ ಬರೀ ಧ್ವನಿಗೆ ಇಳಿಯಿರಿ. ಧ್ವನಿಗೆ ಸುಮಾರು 100 ಕೆಬಿಪಿಎಸ್ ಇದ್ದರೂ ಸಾಕು.

ಈಗ ಕರೆಯ ಮೊದಲ ನಿಮಿಷ. ಹೆಸರು, ವಯಸ್ಸು ಕೇಳಿದ ಕೂಡಲೇ ಮರಳಿ ಕರೆಯುವ ನಂಬರು ಬರೆದುಕೊಳ್ಳಿ, ಏಕೆಂದರೆ ಕರೆ ಯಾವಾಗ ಕಡಿಯುತ್ತದೋ ಹೇಳಲಾಗದು. ಮುಂದಿನದು: ರೋಗಿ ಈಗ ಎಲ್ಲಿದ್ದಾರೆ? ಕಾರ್ಡಿನಲ್ಲಿ ಇರುವ ಊರಲ್ಲ, ಈ ಗಳಿಗೆಯಲ್ಲಿ ಇರುವ ಜಾಗ. ಹೊಲದಲ್ಲೋ, ತಾಂಡಾದಲ್ಲೋ, ಮಗಳ ಮನೆಯಲ್ಲೋ. ಒಂದೇ ಹೆಸರಿನ ಹಳ್ಳಿಗಳು ಬೇರೆ ಬೇರೆ ತಾಲೂಕಿನಲ್ಲಿವೆ. ಆದ್ದರಿಂದ ತಾಲೂಕು, ಹತ್ತಿರದ ದೊಡ್ಡ ಊರು, ಗುಡಿಯೋ ದರ್ಗಾವೋ ಶಾಲೆಯೋ, ಒಂದು ಗುರುತು ಕೇಳಿಕೊಳ್ಳಿ. 108ಕ್ಕೆ ಹೇಳಬೇಕಾಗಿ ಬಂದಾಗ ಇದೇ ಬೇಕು. ಆಮೇಲೆ ಮೂರು ಪ್ರಶ್ನೆ: ಎಚ್ಚರ ಇದ್ದಾರಾ, ಉಸಿರು ಹೇಗಿದೆ, ರಕ್ತ ಹರಿಯುತ್ತಿದೆಯಾ. ಇವುಗಳಲ್ಲಿ ಒಂದು ಕೆಟ್ಟಿದ್ದರೂ ಉಳಿದ ಪ್ರಶ್ನೆಗಳು ಆಂಬ್ಯುಲೆನ್ಸ್ ಹೊರಟ ಮೇಲೆ.

ರೋಗಿಯ ಜೊತೆಗೇ ಮಾತಾಡಬೇಕು. “ಕಾಕಾ, ನೀವು ಸ್ವಲ್ಪ ತಡೀರಿ, ಅವ್ವನ ಕೈಯಾಗ ಫೋನ್ ಕೊಡ್ರಿ” ಎಂದು ಕೇಳಿ ಪಡೆಯಿರಿ. ಒಂದು ವಾಕ್ಯ ಮುಗಿಸುವುದರೊಳಗೆ ಏದುಸಿರು ಬಂತೇ, ನಾಲಿಗೆ ತೊದಲಿತೇ ಎಂಬುದು ಗಂಡ ಹೇಳುವ ವರದಿಯಲ್ಲಿ ಇರುವುದಿಲ್ಲ, ಆಕೆಯ ದನಿಯಲ್ಲಿ ಇರುತ್ತದೆ.

ನಮ್ಮ ಜನ ನೋವು ಹೇಳುವ ಮಾತನ್ನು ಕಂಪ್ಯೂಟರಿನಲ್ಲಿರುವ ರೋಗಲಕ್ಷಣಗಳ ಪಟ್ಟಿಗೆ ಕೂಡಲೇ ತುರುಕಬೇಡಿ. “ಗ್ಯಾಸ್ ಆಗ್ಯಾದ” ಎಂಬ ಮಾತು ಬಲು ಅಪಾಯದ್ದು. ಐವತ್ತು ದಾಟಿದವರು, ಶುಗರ್ ಇರುವವರು ಗ್ಯಾಸ್ ಎಂದರೆ ಎದೆ, ದವಡೆ, ಎಡಗೈ, ಬೆನ್ನು ಒಂದೊಂದನ್ನೂ ಕೇಳಿ. ತಣ್ಣನೆ ಬೆವರು ಬಂತಾ, ನಡೆದರೆ ಹೆಚ್ಚುತ್ತದಾ, “ದಮ್ ಹತ್ತತದೇನು” ಎಂದು ಕೇಳಿ. ಶುಗರ್ ಇರುವವರಿಗೆ ಹೃದಯಾಘಾತದಲ್ಲೂ ಎದೆನೋವು ಬಾರದೆ ಇರಬಹುದು. ಬರೀ ಸುಸ್ತು, ಬೆವರು, “ಜೀವ ಕಳವಳ ಆಗ್ಲತ್ತದ” ಅಷ್ಟೇ. ಅನುಮಾನ ಬಂದರೆ ಮೇಲಿನ ಹಂತಕ್ಕೇ ಕಳಿಸಿ. ಸುಮ್ಮನೆ ಆಸ್ಪತ್ರೆಗೆ ಹೋಗಿ ಬಂದ ರೋಗಿ ಬೈದರೂ ಬೈಯಲಿ.

“ಲಕ್ವಾ ಹೊಡೀತು”, ಅಂದರೆ ಪಾರ್ಶ್ವವಾಯು, ಎಂದವರಿಗೆ ಮೊದಲ ಪ್ರಶ್ನೆ, ಕೊನೆಗೆ ಸರಿಯಾಗಿ ಇದ್ದದ್ದನ್ನು ನೋಡಿದ್ದು ಎಷ್ಟು ಗಂಟೆಗೆ ಎಂಬುದು. ರಕ್ತದ ಗಡ್ಡೆ ಕರಗಿಸುವ ಚುಚ್ಚುಮದ್ದಿಗೆ ಇರುವ ನಾಲ್ಕೂವರೆ ಗಂಟೆಯ ಲೆಕ್ಕ ಆ ಹೊತ್ತಿನಿಂದ ಶುರು, ಮನೆಯವರು ಕಂಡುಹಿಡಿದ ಹೊತ್ತಿನಿಂದಲ್ಲ. ರಾತ್ರಿ ಹತ್ತಕ್ಕೆ ಮಲಗಿ, ಬೆಳಿಗ್ಗೆ ಆರಕ್ಕೆ ಬಾಯಿ ವಾರೆಯಾಗಿ ಎದ್ದರೆ ರಾತ್ರಿಯ ಹತ್ತು ಗಂಟೆ ಎಂದೇ ಬರೆಯಿರಿ. ಎಣ್ಣೆ ತಿಕ್ಕಿಸಲು ಹೊರಟವರನ್ನು ತಡೆದು, ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಯ ದಾರಿ ಹೇಳಬೇಕು. ಬಾಯಿಗೆ ನೀರೂ ಹಾಕಬಾರದು.

ಅಳೆಯಿಸುವ ವಿಷಯಕ್ಕೆ ಬರೋಣ, ಹೆಚ್ಚು ತಪ್ಪು ಇಲ್ಲೇ. ಬಿಪಿ ನೋಡುವ ಮೊದಲು ಐದು ನಿಮಿಷ ಬೆನ್ನಿಗೆ ಆಸರೆಯಿಟ್ಟು ಕೂರಿಸಿ. ಅರ್ಧ ಗಂಟೆ ಮುಂಚಿನಿಂದ ಚಹಾ, ತಂಬಾಕು ಬೇಡ. ಕಾಲ ಮೇಲೆ ಕಾಲು ಬೇಡ, ತೋಳು ಎದೆಯ ಮಟ್ಟಕ್ಕೆ, ಪಟ್ಟಿ ಮೊಣಕೈ ಮಡಿಕೆಗಿಂತ ಎರಡು ಬೆರಳು ಮೇಲೆ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೂ, ತೋಳು ಕೆಳಗೆ ಇಳಿಬಿಟ್ಟರೂ, ಅಳೆಯುವಾಗ ಮಾತಾಡಿದರೂ ಅಂಕಿ ಏರುತ್ತದೆ. ಹಾಗಾಗಿ ಪಟ್ಟಿ ಉಬ್ಬುವಾಗ ನೀವೂ ಸುಮ್ಮನಿರಿ. ಗರ್ಭಿಣಿಗೆ 140/90 ಅಥವಾ ಹೆಚ್ಚು ಬಂದು, ತಲೆನೋವು, ಕಣ್ಣು ಮಂಜು, ಹೊಟ್ಟೆಯ ಮೇಲ್ಭಾಗದ ನೋವು ಸೇರಿದರೆ ತಾಯಿ ಕಾರ್ಡ್ ಹಿಡಿದು ಆಗಲೇ ಹೊರಡಲಿ.

ಬೆರಳಿಗೆ ಹಾಕುವ ಆಕ್ಸಿಮೀಟರ್‌ನಲ್ಲಿ ಒಂದು ಭಯಂಕರ ತಪ್ಪಿದೆ. 86 ಎಂಬ ಅಂಕಿ ತಲೆಕೆಳಗಾಗಿ ಓದಿದರೆ 98. ಆಸ್ಪತ್ರೆಗೆ ಓಡಬೇಕಾದವರು ಆರಾಮಾಗಿದ್ದಾರೆ ಎಂದು ನಿಮಗೆ ಕೇಳಿಸುತ್ತದೆ. ಎರಡು ಅಂಕಿಗಳಲ್ಲಿ ಯಾವುದು ನಾಡಿ, ಯಾವುದು ಆಕ್ಸಿಜನ್ ಎಂದು ಅದಲುಬದಲಾಗುವುದೂ ಉಂಟು. ಪರದೆಯ ಮೇಲಿನ ಅಕ್ಷರ ನೆಟ್ಟಗೆ ಕಾಣುವಂತೆ ಹಿಡಿಸಿ, ವಿಡಿಯೋದಲ್ಲಿ ತೋರಿಸಲು ಹೇಳಿ. ಉಗುರುಬಣ್ಣ ತೆಗೆಸಿ, ಬೆರಳು ತಣ್ಣಗಿದ್ದರೆ ತಿಕ್ಕಿ ಬೆಚ್ಚಗೆ ಮಾಡಿಸಿ, ಅಂಕಿ ನಿಲ್ಲುವ ತನಕ ಕಾಯಿಸಿ.

ಶುಗರ್ ಮೀಟರ್ ಇಟ್ಟವರಿಗೆ ಕೈ ತೊಳೆದಿರಾ ಎಂದು ಕೇಳಲೇಬೇಕು. ಬೆಲ್ಲ, ಮಾವಿನಹಣ್ಣು ಮುಟ್ಟಿದ ಬೆರಳು ಇಲ್ಲದ ಶುಗರ್ ತೋರಿಸುತ್ತದೆ. ಹೆಚ್ಚಿನ ಸ್ಟ್ರಿಪ್‌ಗಳನ್ನು 30 ಡಿಗ್ರಿಗಿಂತ ಕೆಳಗೆ ಇಡಬೇಕೆಂದು ಡಬ್ಬಿಯ ಮೇಲೇ ಬರೆದಿರುತ್ತದೆ. ಬೇಸಿಗೆಯಲ್ಲಿ ತಗಡಿನ ಮನೆಯ ಕಿಟಕಿಯಲ್ಲಿಟ್ಟ ಸ್ಟ್ರಿಪ್ ನಂಬಬೇಡಿ. ಅಂಕಿ 70ಕ್ಕಿಂತ ಕಡಿಮೆ ಬಂದು ಎಚ್ಚರ ಇದ್ದರೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕುಡಿಸಿ, ಹದಿನೈದು ನಿಮಿಷಕ್ಕೆ ಮತ್ತೆ ನೋಡಿಸಿ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಿಸಬೇಡಿ.

ಇನ್ಸುಲಿನ್ ಚುಚ್ಚಿಕೊಳ್ಳುವವರಿಗೆ ಬಾಟಲಿ ಮತ್ತು ಸಿರಿಂಜು ಎರಡರ ಮೇಲಿನ ಅಂಕಿಯನ್ನೂ ಓದಿಸಿ. 40 ಎಂದರೆ ಒಂದು ಎಂಎಲ್‌ನಲ್ಲಿ 40 ಯೂನಿಟ್, 100 ಎಂದರೆ 100 ಯೂನಿಟ್. 40ರ ಬಾಟಲಿಗೆ 40ರ ಸಿರಿಂಜು, ಸಾಮಾನ್ಯವಾಗಿ ಕೆಂಪು ಮುಚ್ಚಳದ್ದು. 100ರ ಬಾಟಲಿಗೆ 100ರ ಸಿರಿಂಜು, ಕಿತ್ತಳೆ ಮುಚ್ಚಳದ್ದು. 40ರ ಔಷಧಿಯನ್ನು 100ರ ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ ಮೈಗೆ ಹೋಗುವುದು 8 ಯೂನಿಟ್ ಮಾತ್ರ. 100ರದನ್ನು 40ರ ಸಿರಿಂಜಿನಲ್ಲಿ ಅದೇ ಗೆರೆಗೆ ಎಳೆದರೆ 50 ಯೂನಿಟ್! ಶುಗರ್ ಯಾಕೆ ಇಳಿಯುತ್ತಿಲ್ಲ, ಯಾಕೆ ದಿಢೀರನೆ ಬಿತ್ತು ಎಂಬುದಕ್ಕೆ ಉತ್ತರ ಇಲ್ಲೂ ಇರಬಹುದು. ಫ್ರಿಜ್ ಇಲ್ಲದ ಮನೆಯಲ್ಲಿ ಬಾಟಲಿಯನ್ನು ನೀರು ಸೋಕದ ಡಬ್ಬಿಯಲ್ಲಿಟ್ಟು, ನೀರಿರುವ ಮಣ್ಣಿನ ಮಡಕೆಯೊಳಗೆ, ನೆರಳಿನಲ್ಲಿ ಇಡಿಸಬಹುದು.

ಚಿಕ್ಕ ಮಕ್ಕಳ ಕೆಮ್ಮಿಗೆ ಉಸಿರು ಎಣಿಸಲೇಬೇಕು. ಮಗು ಅಳದೆ, ಹಾಲು ಕುಡಿಯದೆ ಇರುವಾಗ ಅಂಗಿ ಮೇಲೆತ್ತಿ, ಹೊಟ್ಟೆ ಏರಿದಾಗಲೆಲ್ಲ “ಹ್ಞಾ” ಎನ್ನಲು ತಾಯಿಗೆ ಹೇಳಿ. ಗಡಿಯಾರ ನೋಡುತ್ತಾ ಪೂರ್ತಿ 60 ಸೆಕೆಂಡ್ ನೀವು ಎಣಿಸಿ. ತಡವರಿಸುವ ವಿಡಿಯೋಗಿಂತ ಇದೇ ವಾಸಿ. ಎರಡು ತಿಂಗಳೊಳಗಿನ ಕೂಸಿಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40 ಮುಟ್ಟಿದರೆ ಅದು ವೇಗದ ಉಸಿರು. ಎದೆ ಒಳಗೆ ಸೆಳೆದರೆ, ಕುಡಿಯಲು ಆಗದಿದ್ದರೆ, ಝಟಕಾ, ಅಂದರೆ ಫಿಟ್ಸ್, ಬಂದರೆ ಎಣಿಕೆಗೂ ಕಾಯಬೇಡಿ. ಉಲ್ಟಿ, ಭೇದಿ ಎಂದಾಗ ಓಆರ್‌ಎಸ್ ಪುಡಿ ಎಷ್ಟು ನೀರಿಗೆ ಎಂದು ಪೊಟ್ಟಣ ಓದಿಸಿ. ಲೀಟರಿನ ಪುಡಿಯನ್ನು ಒಂದೇ ಗ್ಲಾಸಿಗೆ ಕಲಸಿದರೆ ಉಪ್ಪು ಹೆಚ್ಚಾಗಿ ಮಗುವಿಗೆ ಕೇಡು. ಚೊಂಬಿನ ಲೆಕ್ಕ ಬೇಡ, ಲೀಟರ್ ಬಾಟಲಿಯಿಂದ ಅಳೆಯಲಿ.

ಹತ್ತಿ, ತೊಗರಿಗೆ ಎಣ್ಣೆ, ಅಂದರೆ ಕೀಟನಾಶಕ, ಹೊಡೆಯುವ ದಿನಗಳಲ್ಲಿ “ಚಕ್ಕರ್ ಬರ್ಲತ್ತದ” ಎಂಬ ಕರೆ ಬಂದರೆ ಇವತ್ತು ಹೊಲದಲ್ಲಿ ಏನು ಮಾಡಿದಿರಿ ಎಂದು ಕೇಳಿ. ಬಾಯಲ್ಲಿ ಜೊಲ್ಲು, ಬೆವರು, ಕಣ್ಣಿನ ಪಾಪೆ ಚಿಕ್ಕದು ಎಂದರೆ ಕೀಟನಾಶಕದ ವಿಷ. ಬಟ್ಟೆ ಬಿಚ್ಚಿ, ಸಾಬೂನಿನಿಂದ ಮೈ ತೊಳೆಸಿ, ತೊಳೆಯುವವರು ಕೈಗೆ ಪ್ಲಾಸ್ಟಿಕ್ ಚೀಲವನ್ನಾದರೂ ಹಾಕಿಕೊಳ್ಳಲಿ. ವಾಂತಿ ಮಾಡಿಸಬಾರದು. ಕೀಟನಾಶಕದ ಡಬ್ಬಿ ಆಸ್ಪತ್ರೆಗೆ ಜೊತೆಯಲ್ಲೇ ಹೋಗಲಿ.

ಗುಳಿಗೆಯ ಬಣ್ಣ ಕೇಳಿ ಹೆಸರು ಊಹಿಸಬೇಡಿ. ಪಟ್ಟಿಯ ಮೇಲಿನ ಅಕ್ಷರ ಓದಿಸಿ, ಇಲ್ಲವೇ ಫೋಟೋ ತರಿಸಿ. ಫೋಟೋ ಬರುವುದು ಸಂಸ್ಥೆಯ ಆ್ಯಪಿಗೆ, ನಿಮ್ಮ ಸ್ವಂತ ವಾಟ್ಸಾಪ್‌ಗಲ್ಲ. ಅಲ್ಲಿಗೆ ಬಂದರೆ ಯಾರದೋ ಗಾಯದ ಚಿತ್ರ ನಿಮ್ಮ ಮನೆಯ ಮದುವೆ ಫೋಟೋಗಳ ನಡುವೆ ಉಳಿದುಬಿಡುತ್ತದೆ. ಕೋಣೆಯ ಬಾಗಿಲು ಮುಚ್ಚಿರಲಿ. ಮನೆಯವರ ಕಿವಿಗೂ ರೋಗಿಯ ಹೆಸರು ಬೀಳಬಾರದು.

ವೈದ್ಯರಿಗೆ ಒಪ್ಪಿಸುವಾಗ ಮೊದಲ ವಾಕ್ಯದಲ್ಲೇ ಅಪಾಯ ಹೇಳಿ: “58 ವರ್ಷದ ಹೆಣ್ಣುಮಗಳು, ಶುಗರ್ ಇದೆ, ಒಂದು ಗಂಟೆಯಿಂದ ಬೆವರು, ಎದೆ ಬಿಗಿತ, ಸೇಡಂ ತಾಲೂಕಿನ ಹಳ್ಳಿಯಲ್ಲಿದ್ದಾರೆ, ಈಗಲೇ ನೋಡಬೇಕು.” ಹಿನ್ನೆಲೆ ಆಮೇಲೆ. ಸೇಡಂ, ಗುರುಮಠಕಲ್ ಕಡೆ ತೆಲುಗು, ಔರಾದ್, ಭಾಲ್ಕಿ ಕಡೆ ಮರಾಠಿ, ತಾಂಡಾಗಳಲ್ಲಿ ಲಂಬಾಣಿ, ಎಲ್ಲ ಕಡೆ ದಖನಿ ಉರ್ದು ಕೇಳಿಬರುತ್ತದೆ. ಭಾಷೆ ತಿಳಿಯದಿದ್ದರೆ ತಿಳಿಯಿತು ಎಂದು ನಟಿಸದೆ ತಿಳಿದವರನ್ನು ಕರೆಯಲ್ಲಿ ಸೇರಿಸಿ. ಮನಸ್ಸಿನ ಸಂಕಟ ಹೇಳಿಕೊಂಡವರಿಗೆ ಟೆಲಿ-ಮಾನಸ್ ಸಹಾಯವಾಣಿಯ ನಂಬರು 14416 ಕೊಡಿ. ಜೀವ ಕಳೆದುಕೊಳ್ಳುವ ಮಾತು ಬಂದರೆ ಮನೆಯ ಇನ್ನೊಬ್ಬರು ಹತ್ತಿರ ಬರುವ ತನಕ ಫೋನು ಇಡಬೇಡಿ.

ಕರೆ ಮುಗಿಸುವಾಗ “ಏನಾದ್ರೂ ಆದ್ರ ಫೋನ್ ಮಾಡ್ರಿ” ಎಂದರೆ ಸಾಲದು. ಏನಾದರೆ, ಎಷ್ಟು ಹೊತ್ತಿನಲ್ಲಿ, ಯಾವ ನಂಬರಿಗೆ ಎಂದು ಹೇಳಿ, ಅವರ ಬಾಯಿಂದಲೇ ತಿರುಗಿ ಹೇಳಿಸಿ. ರೋಗಿ ಅಂದ ಮಾತನ್ನು ಅವರ ಮಾತಲ್ಲೇ, ಸಮಯದ ಸಮೇತ ದಾಖಲಿಸಿ. ಆಸ್ಪತ್ರೆಗೆ ಹೋಗುವುದಿಲ್ಲ ಎಂದರೆ ಅದನ್ನೂ, ಕಾರಣವನ್ನೂ ಬರೆಯಿರಿ. ಬಹಳ ಸಲ ಕಾರಣ ಬಸ್ಸು ಇಲ್ಲದ್ದು, ಆಗ ಆಶಾ ಕಾರ್ಯಕರ್ತೆಗೆ ಒಂದು ಕರೆ ಹೋಗಬೇಕು. ಪಾಳಿ ಮುಗಿದಾಗ ಮತ್ತೆ ಕರೆಯಬೇಕಾದವರ ಪಟ್ಟಿಯನ್ನು ಮುಂದಿನ ನರ್ಸ್‌ಗೆ ಬಾಯಿಮಾತಿನಲ್ಲೂ ಒಪ್ಪಿಸಿ. ಫೋನ್ ಎತ್ತದವರ ಹೆಸರು ಅದರಲ್ಲಿ ಮೊದಲಿಗೆ ಇರಲಿ.

ನಮಸ್ಕಾರ.