ಮುಂಬೈನ ಬೀಗದಕೈ ಬೆಂಗಳೂರಿನ ಮನೆಗೆ ಹೊಂದುವುದಿಲ್ಲ

ಎಲ್ಲರಿಗೂ ನಮಸ್ಕಾರ. 2007ರ ಮೇ ತಿಂಗಳಲ್ಲಿ ತೆರೆಕಂಡ, ಅನುರಾಗ್ ಬಸು ನಿರ್ದೇಶನದ ‘ಲೈಫ್ ಇನ್ ಎ ಮೆಟ್ರೊ’ ಚಿತ್ರವನ್ನು ಮುಂದಿಟ್ಟುಕೊಂಡು, ಬೆಂಗಳೂರಿನ ಸಂಬಂಧಗಳ ಬಗ್ಗೆ ಕನ್ನಡದಲ್ಲಿ ಬರಬೇಕಾಗಿರುವ ಒಂದು ಚಿತ್ರದ ಕುರಿತು ಇಂದು ಮಾತನಾಡುತ್ತೇನೆ. ಮುಂಬೈಯಲ್ಲಿ ನಡೆಯುವ ಆ ಹಿಂದಿ ಚಿತ್ರದಲ್ಲಿ ಇವನೇ ನಾಯಕ, ಇವಳೇ ನಾಯಕಿ ಎಂದು ಬೊಟ್ಟು ಮಾಡಲಾಗದು. ಶಿಲ್ಪಾ ಶೆಟ್ಟಿ, ಕೇ ಕೇ ಮೆನನ್, ಕೊಂಕಣಾ ಸೇನ್ ಶರ್ಮಾ, ಇರ್ಫಾನ್ ಖಾನ್, ಕಂಗನಾ ರನೌತ್, ಶರ್ಮನ್ ಜೋಶಿ, ಧರ್ಮೇಂದ್ರ, ನಫೀಸಾ ಅಲಿ ಮೊದಲಾದವರ ಪಾತ್ರಗಳು ಒಂದಕ್ಕೊಂದು ತೊಡರಿಕೊಂಡಿವೆ. ಒಬ್ಬರು ಆಡಿದ ಸುಳ್ಳಿನ ಫಲವನ್ನು ಇನ್ನೊಬ್ಬರು ಉಣ್ಣುತ್ತಾರೆ.

ಕಥೆಯೆಲ್ಲ ನಿಂತಿರುವುದು ಒಂದು ಬೀಗದಕೈಯ ಮೇಲೆ. ಕಾಲ್ ಸೆಂಟರ್‌ನಲ್ಲಿ ದುಡಿಯುವ ರಾಹುಲ್ ಬಡ್ತಿಯ ಆಸೆಗೆ ತನ್ನ ಫ್ಲ್ಯಾಟನ್ನು ಮೇಲಧಿಕಾರಿಗಳ ಗುಟ್ಟಿನ ಭೇಟಿಗಳಿಗೆ ಬಿಟ್ಟುಕೊಡುತ್ತಾನೆ. ಅಲ್ಲಿಗೆ ಬರುವ ಸಂಸಾರಸ್ಥ ಮೇಲಧಿಕಾರಿ ರಂಜಿತ್‌ನ ಜೊತೆಗಿರುವವಳು, ತಾನು ಮನಸ್ಸಿನಲ್ಲೇ ಪ್ರೀತಿಸುತ್ತಿರುವ ನೇಹಾ ಎಂಬುದು ಅವನಿಗೆ ತಡವಾಗಿ ತಿಳಿಯುತ್ತದೆ. ಈ ಎಳೆ ಬಿಲ್ಲಿ ವೈಲ್ಡರ್ 1960ರಲ್ಲಿ ನ್ಯೂಯಾರ್ಕ್ ನಗರದ ಹಿನ್ನೆಲೆಯಲ್ಲಿ ಮಾಡಿದ ‘ದಿ ಅಪಾರ್ಟ್‌ಮೆಂಟ್’ ಚಿತ್ರದ್ದು. ಎರವಲು ಎಂದು ಮೂಗು ಮುರಿಯುವವರ ಜೊತೆ ನಾನು ಸೇರುವುದಿಲ್ಲ, ಏಕೆಂದರೆ ಆ ಎಳೆ ಮುಂಬೈಯಲ್ಲಿ ಬೇರೂರಿದ್ದಕ್ಕೆ ಬಲವಾದ ಕಾರಣವಿದೆ: ಇಬ್ಬರು ಕುಳಿತು ಮಾತನಾಡಲೂ ಜಾಗ ಸಿಗದ ಊರಿನಲ್ಲಿ ಖಾಲಿ ಕೋಣೆಯ ಬೀಗದಕೈ ಇರುವವನ ಕೈಯಲ್ಲಿ ಬೇರೆಯವರ ಮರ್ಯಾದೆಯೂ ಇರುತ್ತದೆ. ಇರ್ಫಾನ್ ಅವರ ಮಾಂಟಿ, ಕೊಂಕಣಾ ಅವರ ಶ್ರುತಿಯನ್ನು ಎತ್ತರದ ಕಟ್ಟಡದ ತುದಿಗೆ ಕರೆದೊಯ್ದು, ಒಳಗೆ ಕಟ್ಟಿಕೊಂಡಿರುವುದನ್ನೆಲ್ಲ ಕೂಗಿ ಹೊರಹಾಕಲು ಹೇಳುವ ದೃಶ್ಯವನ್ನೂ ನಾನು ಹೀಗೆಯೇ ಓದಿಕೊಳ್ಳುತ್ತೇನೆ. ಮನಸ್ಸು ಬಿಚ್ಚಿ ಅಳಲು ಆ ಊರಿನ ನೆಲದ ಮೇಲೆ ಅವಳಿಗೊಂದು ಮೂಲೆಯಿರಲಿಲ್ಲ. (ಇರ್ಫಾನ್ 2020ರಲ್ಲಿ ತೀರಿಕೊಂಡ ಮೇಲೆ ಆ ದೃಶ್ಯ ನೋಡುವಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.) ಇಷ್ಟು ಸತ್ಯವಾಗಿ ನಡೆದ ಚಿತ್ರ ಕೊನೆಗೆ ತನ್ನ ಜೋಡಿಗಳ ಇತ್ಯರ್ಥಕ್ಕೆ ರೈಲು ನಿಲ್ದಾಣವನ್ನು ಆರಿಸಿಕೊಂಡು, ಮದುವೆಯ ಕುದುರೆಯನ್ನೂ ಅಲ್ಲಿಗೆ ತರುವುದು ಅದರ ದೊಡ್ಡ ದೌರ್ಬಲ್ಯ ಎಂಬುದು ನನ್ನ ಅಭಿಪ್ರಾಯ.

ಈ ಬೀಗದಕೈಯನ್ನು ಹಾಗೆಯೇ ಬೆಂಗಳೂರಿಗೆ ತಂದರೆ ಕಥೆ ಮೊದಲ ದಿನವೇ ನಿಂತುಹೋಗುತ್ತದೆ. ನಮ್ಮಲ್ಲಿ ಮೂವತ್ತು–ನಲವತ್ತರ ಸೈಟಿನಲ್ಲಿ ಮೂರು ಮಹಡಿ ಎಬ್ಬಿಸಿ, ಕೆಳಗೆ ಮಾಲೀಕರಿದ್ದು ಮೇಲಿನದನ್ನು ಬಾಡಿಗೆಗೆ ಕೊಡುವ ಮನೆಗಳ ಸಾಲೇ ಇದೆ. ರಾತ್ರಿ ಹತ್ತಕ್ಕೆ ಗೇಟಿಗೆ ಬೀಗ ಬೀಳುತ್ತದೆ, ಮರುದಿನ ಬೆಳಿಗ್ಗೆ ಸಂಪಿನ ಮೋಟಾರ್ ಹಾಕಲು ಬಂದ ಆಂಟಿ, “ನಿನ್ನೆ ಯಾರೋ ಬಂದಿದ್ರಲ್ಲಪ್ಪಾ, ನೆಂಟರಾ?” ಎಂದು ಕೇಳಿಯೇ ಕೇಳುತ್ತಾರೆ. ಅವರ ಆ ಪ್ರಶ್ನೆಯ ಹಿಂದೆ ಅನುಮಾನ ಎಷ್ಟಿದೆಯೋ, ಮಕ್ಕಳು ಹೊರದೇಶದಲ್ಲಿರುವ ಒಂಟಿತನವೂ ಅಷ್ಟೇ ಇರಬಹುದು. ಅವರೂ ಕಥೆಯ ಒಂದು ಪಾತ್ರವಾಗಬೇಕು.

ನಮ್ಮ ಊರಿನಲ್ಲಿ ಸಂಬಂಧಗಳನ್ನು ಸವೆಸುತ್ತಿರುವುದು ಮುಖ್ಯವಾಗಿ ಹೊತ್ತಿನ ಅಭಾವ. ನಗರಗಳ ವಾಹನ ಸಂಚಾರದ ವೇಗವನ್ನು ಅಳೆಯುವ ಟಾಮ್‌ಟಾಮ್ ಸಂಸ್ಥೆಯ 2022ರ ಲೆಕ್ಕದಲ್ಲಿ ಬೆಂಗಳೂರಿನ ನಡುಭಾಗದಲ್ಲಿ 10 ಕಿಲೋಮೀಟರ್ ಸಾಗಲು ಸರಾಸರಿ 29 ನಿಮಿಷ 10 ಸೆಕೆಂಡು ಬೇಕಾಗಿತ್ತು. ಅದು ಪರಿಶೀಲಿಸಿದ ನಗರಗಳಲ್ಲಿ ನಮ್ಮದು ನಿಧಾನಗತಿಯಲ್ಲಿ ಎರಡನೆಯದಾಗಿತ್ತು. ಗಂಡನ ಕಚೇರಿ ಎಲೆಕ್ಟ್ರಾನಿಕ್ ಸಿಟಿಯಲ್ಲಿ, ಹೆಂಡತಿಯದು ವೈಟ್‌ಫೀಲ್ಡ್‌ನಲ್ಲಿ, ಮನೆ ಇವೆರಡರ ನಡುವೆ ಎಲ್ಲೋ ಎಂದಾದಾಗ ಈ ಸಂಖ್ಯೆ ಏನು ಮಾಡುತ್ತದೆಂದು ಯೋಚಿಸಿ. ಅವನು ಸಿಲ್ಕ್ ಬೋರ್ಡ್ ದಾಟಿ ಮನೆ ಸೇರುವ ಹೊತ್ತಿಗೆ ಅವಳು ಅಮೆರಿಕದವರ ಜೊತೆಗಿನ ಮೀಟಿಂಗ್‌ಗೆ ಕಿವಿಗೆ ಹೆಡ್‌ಫೋನ್ ಹಾಕಿ ಕುಳಿತಿರುತ್ತಾಳೆ. ಜಗಳವಾಡುವುದಕ್ಕೂ ಶನಿವಾರ ಬರಬೇಕು, ಶನಿವಾರ ಬಂದಾಗ ಇಬ್ಬರಿಗೂ ನಿದ್ದೆ ಬೇಕು. ಇಲ್ಲಿ ಮೂರನೆಯ ವ್ಯಕ್ತಿಯೊಬ್ಬರು ಬರದೆಯೂ ದಾಂಪತ್ಯ ಬಿರುಕು ಬಿಡುತ್ತದೆ.

ನಾನು ತೆರೆಯ ಮೇಲೆ ಎಲ್ಲಕ್ಕಿಂತ ಹೆಚ್ಚಾಗಿ ನೋಡಬಯಸುವ ಎಳೆ ಇನ್ನೊಂದಿದೆ. 2017ರ ತಿದ್ದುಪಡಿಯ ನಂತರ ಹೆರಿಗೆ ರಜೆ 26 ವಾರಗಳಿಗೆ ಏರಿತು, ಆದರೆ 27ನೆಯ ವಾರ ಮಗುವನ್ನು ಯಾರು ನೋಡಿಕೊಳ್ಳಬೇಕು ಎಂಬ ಪ್ರಶ್ನೆಗೆ ಈ ಊರಿನ ಸಾವಿರಾರು ಮನೆಗಳಲ್ಲಿ ಒಂದೇ ಉತ್ತರ: ಅಮ್ಮ. ಬಾಣಂತನಕ್ಕೆಂದು ತೀರ್ಥಹಳ್ಳಿಯಿಂದಲೋ ಅರಕಲಗೂಡಿನಿಂದಲೋ ಬಂದ ತಾಯಿ, ಮಗಳು ಕೆಲಸಕ್ಕೆ ಮರಳಿದ ಮೇಲೆ ಊರಿಗೆ ಹೊರಡಲಾರದೆ ಉಳಿದುಬಿಡುತ್ತಾರೆ. ತೋಟ, ದನ, ಬೀಗ ಹಾಕಿ ಬರಲಾಗದ ಮನೆ ಇವುಗಳ ನಡುವೆ ತಂದೆ ಅಲ್ಲೇ ಒಬ್ಬರೇ ಅನ್ನ, ಸಾರು ಬೇಯಿಸಿಕೊಳ್ಳುತ್ತಾರೆ. ಅಳಿಯ ನಡುಮನೆಯಲ್ಲಿ ಕುಳಿತು ಕೆಲಸ ಮಾಡುವ ದಿನ ಈ ತಾಯಿ ಮಗುವನ್ನೆತ್ತಿಕೊಂಡು ಅಪಾರ್ಟ್‌ಮೆಂಟಿನ ಪಾರ್ಕಿಗೆ ಇಳಿಯುತ್ತಾರೆ. ಅಲ್ಲಿ ಬೇರೆ ಬೇರೆ ಊರುಗಳಿಂದ, ಬೇರೆ ಬೇರೆ ಭಾಷೆಗಳಿಂದ, ಇದೇ ಕೆಲಸಕ್ಕೆ ಬಂದ ಅಜ್ಜಿಯರು ಕುಳಿತಿರುತ್ತಾರೆ. ಸಂಜೆ ಫೋನಿನಲ್ಲಿ “ರೀ, ಮಾತ್ರೆ ತಗೊಂಡ್ರಾ?” ಎಂದರೆ, “ತಗೊಂಡೆ. ನೀನು ಯಾವಾಗ ಬರ್ತೀಯ?” ಎಂದು ಆ ಕಡೆಯಿಂದ ಕೇಳುತ್ತದೆ, ಮಗಳು ಪಕ್ಕದಲ್ಲೇ ಇರುವುದರಿಂದ ಈಕೆ ಉತ್ತರಿಸದೆ ಅಡಿಕೆ ಕೊಯ್ಲಿನ ಮಾತು ತೆಗೆಯುತ್ತಾರೆ. ಮುಂಬೈ ಚಿತ್ರದಲ್ಲಿ ಧರ್ಮೇಂದ್ರ ಮತ್ತು ನಫೀಸಾ ಅಲಿ ಅವರ ಪಾತ್ರಗಳು ದಶಕಗಳ ಅಗಲಿಕೆಯ ನಂತರ ಇಳಿವಯಸ್ಸಿನಲ್ಲಿ ಒಂದಾಗುತ್ತವೆ. ನಮ್ಮಲ್ಲಿ ನಲವತ್ತು ವರ್ಷ ಜೊತೆಗಿದ್ದವರು ಅದೇ ವಯಸ್ಸಿನಲ್ಲಿ ಬೇರೆಯಾಗುತ್ತಿದ್ದಾರೆ, ಮತ್ತು ಅದಕ್ಕೆ ಮಗಳನ್ನೂ ಅಳಿಯನನ್ನೂ ದೂರುವಂತಿಲ್ಲ.

2025ರಲ್ಲಿ ಬಸು ಅವರೇ ‘ಮೆಟ್ರೊ... ಇನ್ ದಿನೋ’ ಚಿತ್ರದಲ್ಲಿ ಕಥೆಯನ್ನು ಹಲವು ಮಹಾನಗರಗಳಿಗೆ ಹಬ್ಬಿಸಿದರು. ಹಾಗೆ ಹಬ್ಬಿದಾಗ ಒಂದೇ ಊರು ಎಲ್ಲರನ್ನೂ ಒತ್ತುತ್ತಿರುವ ಅನುಭವ ತೆಳುವಾಗುತ್ತದೆ ಎಂದು ನನಗನ್ನಿಸುತ್ತದೆ. ಕನ್ನಡದಲ್ಲಿ ಪೃಥ್ವಿ ಕೊಣನೂರು ಅವರ ‘ಪಿಂಕಿ ಎಲ್ಲಿ?’, ಕಾಣೆಯಾದ ಹಸುಗೂಸೊಂದನ್ನು ಹುಡುಕುತ್ತ, ಕಚೇರಿಗೆ ಹೋಗುವ ತಾಯಿಯಿಂದ ಮಗು ನೋಡಿಕೊಳ್ಳುವಾಕೆಯವರೆಗೆ, ಅಲ್ಲಿಂದ ಬೀದಿಯಲ್ಲಿ ಬೇಡುವವರವರೆಗೆ ಇಡೀ ನಗರವನ್ನು ಒಂದೇ ದಾರದಲ್ಲಿ ಕಟ್ಟಿತು. ಅಂದರೆ ಇದು ನಮ್ಮಿಂದ ಆಗದ ಕೆಲಸವಲ್ಲ.

ಅಡ್ಡಿ ಇರುವುದು ಕಥೆಯನ್ನು ಬರೆಸುವ ಕ್ರಮದಲ್ಲಿ. ಒಬ್ಬ ಸ್ಟಾರ್‌ನ ಕಾಲ್‌ಶೀಟ್ ಸಿಕ್ಕ ಮೇಲೆ ಅವನ ಸುತ್ತ ಬರೆದ ಚಿತ್ರಕಥೆಯಲ್ಲಿ ಅಮ್ಮನಿಗೂ ಮನೆ ಮಾಲೀಕರಿಗೂ ಎರಡೆರಡು ದೃಶ್ಯಕ್ಕಿಂತ ಹೆಚ್ಚು ಸಿಗುವುದಿಲ್ಲ. ಎಂಟು ಮಂದಿಗೆ ಸಮಪಾಲು ಕೊಡುವ ಚಿತ್ರಕ್ಕೆ ಎಂಟು ಮಂದಿ ಒಳ್ಳೆಯ ನಟರು ಬೇಕು, ಅವರು ಈ ಊರಿನಲ್ಲೇ ಇದ್ದಾರೆ. ಜೆ.ಪಿ. ನಗರದ ರಂಗಶಂಕರದಲ್ಲೋ ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರದಲ್ಲೋ ಒಂದು ತಿಂಗಳು ನಾಟಕಗಳನ್ನು ನೋಡಿದರೆ ನಿರ್ಮಾಪಕರಿಗೆ ಆ ತಾಯಿ, ಆ ತಂದೆ, ಆ ಆಂಟಿ ಎಲ್ಲರೂ ಸಿಗುತ್ತಾರೆ. ಅವರನ್ನು ಮೊದಲು ಆರಿಸಿಕೊಂಡು, ಆಮೇಲೆ ಬರೆಯಲು ಕುಳಿತುಕೊಳ್ಳಲಿ ಎಂದು ಕೇಳಿಕೊಳ್ಳುತ್ತೇನೆ.